ಕರೆದರೆ ಬಾರದ ನಾಯಿಗೆ ಮತ್ತೆ ಮೊದಲಿಂದ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಗ್ಗ ಬಿಚ್ಚಿದ ಮೇಲೆ ಎಷ್ಟು ಕೂಗಿದರೂ ನಾಯಿ ತಿರುಗಿ ನೋಡುವುದಿಲ್ಲ ಅನ್ನುವ ಸಂಕಟ ನನಗೆ ಚೆನ್ನಾಗಿ ಗೊತ್ತು. ನನ್ನ ಚುಕ್ಕಿ ಮರಿಯಾಗಿದ್ದಾಗ ಹೆಸರು ಬಾಯಿಂದ ಬೀಳುವ ಮೊದಲೇ ಕಾಲಬುಡದಲ್ಲಿ ಇರುತ್ತಿದ್ದಳು. ಎರಡು ವರ್ಷ ತುಂಬುವಷ್ಟರಲ್ಲಿ, ಬಯಲಿಗೆ ಬಿಟ್ಟರೆ ಅವಳಿಗೆ ಮನಸ್ಸು ಬಂದಾಗಲೇ ಬರುವುದು ಅನ್ನುವಂತಾಯಿತು. ಅದನ್ನು ಸರಿ ಮಾಡಲು ಸುಮಾರು ಏಳು ತಿಂಗಳು ಹಿಡಿಯಿತು. ಆಗ ನನ್ನೊಳಗೇ ಎದ್ದ ಪ್ರಶ್ನೆಗಳು, ಆಮೇಲೆ ಬೇರೆಯವರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಕರೆದಾಗ ಬರುವುದಕ್ಕೆ ಟ್ರೇನರ್‌ಗಳು ರೀಕಾಲ್ ಅನ್ನುತ್ತಾರೆ. ನಾನು ಸುಮ್ನೆ "ಕರೆ" ಅಂತಲೇ ಬರೆದಿದ್ದೇನೆ.

ಮನೆಯಲ್ಲಿ ಒಂದೇ ಸಲಕ್ಕೆ ಬರುತ್ತದೆ. ಹೊರಗೆ ಹೋದರೆ ಕಿವಿಯೇ ಕೇಳಿಸದ ಹಾಗೆ ಇರುತ್ತದೆ. ಬೇಕು ಅಂತಲೇ ಮಾಡುತ್ತದಾ?

ಇಲ್ಲ. ನಾಯಿಯ ಮಟ್ಟಿಗೆ ಮನೆ ಒಂದು ಪಾಠ, ಬಯಲು ಇನ್ನೊಂದು ಪಾಠ. ಅಡುಗೆಮನೆಯಲ್ಲಿ, ನೀವು ಎದುರಿಗೆ ನಿಂತಿರುವಾಗ, ಡಬ್ಬಿಯ ಸದ್ದು ಕೇಳಿದಾಗ "ಬಾ" ಅಂದರೆ ಹತ್ತಿರ ಹೋಗಬೇಕು ಅಂತ ಅದು ಕಲಿತಿದೆ. ಗಾಳಿ ಬೀಸುವ ಜಾಗದಲ್ಲಿ, ನೀವು ಬೆನ್ನ ಹಿಂದೆ ಮೂವತ್ತು ಹೆಜ್ಜೆ ದೂರ ಇರುವಾಗ ಅದೇ ಪದಕ್ಕೆ ಅದೇ ಅರ್ಥ ಅಂತ ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ.

ಅದರ ಜೊತೆಗೆ ಮೂಗು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50ರಿಂದ 60 ಲಕ್ಷ ಇದ್ದರೆ, ನಾಯಿಯ ಮೂಗಿನಲ್ಲಿ ತಳಿಗೆ ತಕ್ಕಂತೆ 10 ಕೋಟಿಗೂ ಜಾಸ್ತಿ. ನಮಗೆ ಬರೀ ಹುಲ್ಲಾಗಿ ಕಾಣುವ ಜಾಗದಲ್ಲಿ ಅದು ಬೆಳಗ್ಗೆಯಿಂದ ಯಾರ‍್ಯಾರು ಓಡಾಡಿದರು ಅಂತ ಓದುತ್ತಿರುತ್ತದೆ. ನಿಮ್ಮ ಕರೆ ಅದೆಲ್ಲಕ್ಕಿಂತ ಹೆಚ್ಚು ಬೆಲೆಯದ್ದು ಆಗಬೇಕು. ಅದು ತಾನಾಗಿ ಆಗುವುದಿಲ್ಲ.

ಮೊದಲು ಚೆನ್ನಾಗಿಯೇ ಬರುತ್ತಿತ್ತು. ಹಾಳಾಗಿದ್ದು ಹೇಗೆ?

ಬಹಳ ಸಲ ನಾವೇ ಹಾಳು ಮಾಡಿರುತ್ತೇವೆ, ಗೊತ್ತಿಲ್ಲದೆ.

ಚುಕ್ಕಿಯ ವಿಷಯದಲ್ಲಿ ಇದು ನನಗೆ ಹೊಳೆದದ್ದು ಒಂದು ಸಂಜೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಹುಲ್ಲು ಮೂಸುತ್ತಿದ್ದಳು. ಕರೆದೆ. ತಲೆ ಎತ್ತಲಿಲ್ಲ, ಆದರೆ ಎಡಗಿವಿ ಮಾತ್ರ ಹಿಂದಕ್ಕೆ ತಿರುಗಿತು. ಒಂದು ಮುಂಗಾಲು ನೆಲದಿಂದ ಬೆರಳಿನಷ್ಟು ಎದ್ದು ಹಾಗೇ ನಿಂತಿತು. ಕೇಳಿಸಿದೆ, ಬರಲೋ ಬೇಡವೋ ಅಂತ ನೋಡುತ್ತಿದ್ದಾಳೆ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಹಗ್ಗದ ಕೊಕ್ಕೆ ಟಿಕ್ ಅಂತು. ಎತ್ತಿದ ಕಾಲು ಆಚೆ ಕಡೆಗೆ ಇಳಿಯಿತು. ಅಷ್ಟೇ, ಹೊರಟುಹೋದಳು.

ಆ ಸದ್ದನ್ನು ಅವಳು ನೂರಾರು ಸಲ ಕೇಳಿದ್ದಳು. ಪ್ರತಿ ಸಲವೂ ಅದರ ಅರ್ಥ ಒಂದೇ: ಆಟ ಮುಗಿಯಿತು, ಮನೆಗೆ ನಡಿ. ನಾನು ವಾಕಿಂಗ್ ಮುಗಿಸುವಾಗ ಮಾತ್ರ ಅವಳನ್ನು ಕರೆಯುತ್ತಿದ್ದೆ. ನನ್ನ "ಬಾ" ಅನ್ನುವ ಪದ ಅವಳ ಲೆಕ್ಕದಲ್ಲಿ "ಸಾಕು, ನಿಲ್ಲಿಸು" ಅಂತ ಆಗಿಹೋಗಿತ್ತು.

ಪದ ಕೆಡುವ ದಾರಿ ಇನ್ನೂ ಇವೆ. ಸ್ನಾನಕ್ಕೆ, ಉಗುರು ಕತ್ತರಿಸಲು, ಔಷಧಿ ಹಾಕಲು ಅದೇ ಪದದಲ್ಲಿ ಕರೆಯುವುದು. ತಡವಾಗಿ ಬಂದಿದ್ದಕ್ಕೆ ಗದರುವುದು. ಒಂದೇ ಉಸಿರಿಗೆ "ಬಾ ಬಾ ಬಾ, ಬಾರೇ, ಬಾ ಅಂದೆ" ಅಂತ ಎಂಟು ಸಲ ಕೂಗುವುದು. ಎಂಟು ಸಲ ಕೂಗಿ ಎಂಟನೆಯದಕ್ಕೆ ಬಂದರೆ, ಮೊದಲ ಏಳು ಕರೆಗೆ ಬರಬೇಕಿಲ್ಲ ಅನ್ನುವುದು ನಾಯಿಗೆ ಪಾಠವಾಗುತ್ತದೆ. ಇನ್ನೊಂದು ಎಲ್ಲರೂ ಮಾಡುವುದು: ಮರಿ ಕಲಿತಾಯಿತು ಅಂತ ತಿನಿಸು ಕೊಡುವುದನ್ನೇ ಬಿಟ್ಟುಬಿಡುವುದು. ಸಂಬಳ ನಿಂತ ಮೇಲೆ ಯಾರು ತಾನೆ ಎಷ್ಟು ದಿನ ಕೆಲಸ ಮಾಡುತ್ತಾರೆ, ಅಲ್ವಾ?

ನಮ್ಮದಕ್ಕೆ ಎಂಟು ತಿಂಗಳು. ಕಳೆದ ತಿಂಗಳವರೆಗೆ ಏನೂ ತೊಂದರೆ ಇರಲಿಲ್ಲ.

ಹರೆಯ. 2020ರಲ್ಲಿ ಬ್ರಿಟನ್ನಿನ ನ್ಯೂಕಾಸಲ್, ನಾಟಿಂಗ್‌ಹ್ಯಾಮ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಅಂಧರಿಗೆ ದಾರಿ ತೋರಿಸುವ ಕೆಲಸಕ್ಕೆ ಬೆಳೆಸುತ್ತಿದ್ದ ನಾಯಿಗಳ ಮೇಲೆ ಮಾಡಿದ್ದು. 5 ತಿಂಗಳಲ್ಲಿ ಮಾತು ಕೇಳುತ್ತಿದ್ದ ನಾಯಿಗಳು 8 ತಿಂಗಳಲ್ಲಿ ಸಾಕಿದವರ ಮಾತನ್ನು ಕಡಿಮೆ ಕೇಳಿದವು. ಅಪರಿಚಿತರು ಹೇಳಿದಾಗ ಆ ಇಳಿತ ಕಾಣಲಿಲ್ಲ. ವರ್ಷ ತುಂಬುವ ಹೊತ್ತಿಗೆ ಮತ್ತೆ ಸುಧಾರಿಸಿತ್ತು.

ಹಾಗಾಗಿ ಗಾಬರಿ ಬೇಡ. ಆದರೆ ಸುಮ್ಮನೆ ಕಾಯುವುದೂ ಬೇಡ. ಈ ತಿಂಗಳುಗಳಲ್ಲಿ ಓಡಿಹೋಗುವ ಮಜಾ ಒಮ್ಮೆ ರುಚಿ ಹತ್ತಿದರೆ ಆ ಅಭ್ಯಾಸ ಹರೆಯ ಮುಗಿದ ಮೇಲೂ ಉಳಿಯುತ್ತದೆ. ಉದ್ದ ಹಗ್ಗ ಹಾಕಿ, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಹಳೇ "ಬಾ" ಪದದಲ್ಲೇ ಮುಂದುವರಿಯಬಹುದಾ?

ಕೆಟ್ಟುಹೋದ ಪದವನ್ನು ತೊಳೆದು ಬಳಸುವುದಕ್ಕಿಂತ ಹೊಸ ಪದ ತರುವುದು ಎಷ್ಟೋ ಸುಲಭ. ನಾನು ಹಾಗೇ ಮಾಡಿದೆ. ದಿನದ ಮಾತಿನಲ್ಲಿ ಪದೇ ಪದೇ ಬರದ, ಕೂಗಲು ಸುಲಭವಾದ, ಉದ್ದ ಸ್ವರ ಇರುವ ಪದ ಆರಿಸಿ. ಕೋಪ ಬಂದಾಗಲೂ ಹಿತವಾಗಿ ಕೂಗಲು ಆಗುವಂಥದ್ದಾದರೆ ಇನ್ನೂ ಒಳ್ಳೆಯದು. ಮನೆಯವರೆಲ್ಲ ಅದೇ ಪದವನ್ನೇ ಬಳಸಬೇಕು. ಹಳೇ "ಬಾ" ಅನ್ನುವುದು ಮನೆಯೊಳಗಿನ ಸಾಮಾನ್ಯ ಮಾತಾಗಿ ಇರಲಿ, ಅದಕ್ಕೆ ನಾಯಿ ಬಂದರೂ ಸರಿ, ಬಾರದಿದ್ದರೂ ಸರಿ.

ಇನ್ನೊಂದು ಮಾತು. ನಾಯಿಯ ಹೆಸರು "ಕರೆ" ಅಲ್ಲ. ಹೆಸರನ್ನು ನಾವು ದಿನಕ್ಕೆ ನೂರು ಸಲ ನೂರು ಕಾರಣಕ್ಕೆ ಹೇಳುತ್ತೇವೆ.

ಬಾಯಿ ಮಾತು ಒಳ್ಳೆಯದಾ, ವಿಸಿಲ್ ಒಳ್ಳೆಯದಾ?

ದೂರ ಬಿಡುವವರಾದರೆ ವಿಸಿಲ್. ನಮ್ಮ ದನಿ ಹೆದರಿಕೆಯಲ್ಲಿ ಒಂದು ಥರ, ಸಿಟ್ಟಿನಲ್ಲಿ ಇನ್ನೊಂದು ಥರ. ವಿಸಿಲ್‌ಗೆ ಸಿಟ್ಟು ಬರುವುದಿಲ್ಲ. ಮನೆಯಲ್ಲಿ ಯಾರು ಊದಿದರೂ ಅದೇ ಸದ್ದು, ಗಾಳಿಯಲ್ಲೂ ದೂರ ಹೋಗುತ್ತದೆ. ಬೇಟೆ ನಾಯಿ ಸಾಕುವವರು ಬಹಳ ಕಾಲದಿಂದ ಬಳಸುವ ಆಕ್ಮೆ ಕಂಪನಿಯ 210.5 ಮತ್ತು 211.5 ವಿಸಿಲ್‌ಗಳಲ್ಲಿ ಆ ಅಂಕಿ ಸ್ವರದ ಗುರುತು. ಒಂದು ಕಳೆದುಹೋದರೆ ಅದೇ ಅಂಕಿಯದ್ದು ತಂದರೆ ಅದೇ ಸ್ವರ ಸಿಗುತ್ತದೆ. ಈ ಕಾರಣಕ್ಕೇ ಅಂಕಿ ಇರುವ ವಿಸಿಲ್ ಕೊಳ್ಳಿ.

ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ, ನಮಗೆ 20,000ದವರೆಗೆ. ಹಾಗಂತ ಮನುಷ್ಯರಿಗೆ ಕೇಳಿಸದ ವಿಸಿಲ್ ತರಬೇಡಿ. ಅದು ಸರಿಯಾಗಿ ಊದಿತೋ ಇಲ್ಲವೋ ನಿಮಗೇ ಗೊತ್ತಾಗುವುದಿಲ್ಲ.

ನಾನು ಎರಡನ್ನೂ ಕಲಿಸಿದ್ದೇನೆ. ವಿಸಿಲ್ ಮನೆಯಲ್ಲೇ ಮರೆತು ಹೋಗುವ ದಿನಗಳಿರುತ್ತವೆ.

ಹೊಸ ಪದಕ್ಕೆ ಅರ್ಥ ತುಂಬುವುದು ಹೇಗೆ?

ಮೊದಲ ಒಂದು ವಾರ ನಾಯಿಯಿಂದ ಏನನ್ನೂ ಕೇಳಬೇಡಿ. ಇದು ಬಹಳ ಜನಕ್ಕೆ ವಿಚಿತ್ರ ಅನ್ನಿಸುತ್ತದೆ. ಮನೆಯೊಳಗೆ, ನಾಯಿ ಪಕ್ಕದಲ್ಲೇ ಇರುವಾಗ ಪದ ಹೇಳಿ ಅಥವಾ ವಿಸಿಲ್ ಮೆತ್ತಗೆ ಊದಿ. ಒಂದು ಕ್ಷಣ ಬಿಟ್ಟು, ಅದಕ್ಕೆ ಪ್ರಾಣವಾದ ತಿನಿಸು ಕೊಡಿ. ಬರಬೇಕಿಲ್ಲ, ಕೂರಬೇಕಿಲ್ಲ. ಸದ್ದು, ಆಮೇಲೆ ತಿನಿಸು. ಇಷ್ಟೇ. ದಿನಕ್ಕೆ ಎರಡು ಮೂರು ಸಲ, ಸಲಕ್ಕೆ ಐದಾರು ಬಾರಿ.

ಸದ್ದು ಮೊದಲು, ಕೈ ಜೇಬಿಗೆ ಹೋಗುವುದು ಆಮೇಲೆ. ಈ ಕ್ರಮ ತಪ್ಪಬಾರದು. ಕೈ ಮೊದಲು ಹೋದರೆ ನಾಯಿ ಕೈ ನೋಡುವುದನ್ನು ಕಲಿಯುತ್ತದೆಯೇ ಹೊರತು ಪದ ಕೇಳುವುದನ್ನಲ್ಲ. ರಷ್ಯಾದ ವಿಜ್ಞಾನಿ ಪಾವ್ಲೋವ್ ಜೀರ್ಣಕ್ರಿಯೆಯ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದವರು. ಊಟಕ್ಕೆ ಮುಂಚೆ ಬರುವ ಸದ್ದಿಗೇ ನಾಯಿ ಜೊಲ್ಲು ಸುರಿಸುವುದನ್ನು ತೋರಿಸಿಕೊಟ್ಟದ್ದೂ ಅವರೇ. ನೀವು ಮಾಡುತ್ತಿರುವುದು ಅದನ್ನೇ.

ಐದಾರು ದಿನಕ್ಕೆ ಪದ ಕೇಳಿದ ಕೂಡಲೇ ತಲೆ ಗಿರ್ರನೆ ನಿಮ್ಮ ಕಡೆ ತಿರುಗುವುದನ್ನು ನೋಡುತ್ತೀರಿ. ಆಗ ಪಕ್ಕದ ಕೋಣೆಯಿಂದ ಹೇಳಿ. ಉಗುರಿನ ಸದ್ದು ಮಾಡುತ್ತಾ ಓಡಿಬಂದರೆ ಮುಂದಿನ ಹಂತಕ್ಕೆ ತಯಾರು.

ಅಲ್ಲಿಯವರೆಗೆ ವಾಕಿಂಗ್ ನಿಲ್ಲಿಸಬೇಕಾ?

ಬೇಡವೇ ಬೇಡ. ಉದ್ದ ಹಗ್ಗ ಬಳಸಿ. ಈ ಇಡೀ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ: ಕಲಿಯುವ ತಿಂಗಳುಗಳಲ್ಲಿ ನಾಯಿಗೆ ಕರೆಯನ್ನು ಕಡೆಗಣಿಸುವ ಅವಕಾಶವೇ ಸಿಗಬಾರದು. ಪ್ರತಿ ಸಲ ನೀವು ಕರೆದು, ಅದು ಬಾರದೆ, ಬೇರೆ ಏನೋ ಮಜಾ ಮಾಡಿದರೆ ಆ ಮಜಾ ಅದಕ್ಕೆ ಬಹುಮಾನ. ನೀವು ಒಂದು ವಾರ ಕಟ್ಟಿದ್ದನ್ನು ಒಂದು ಸಂಜೆ ಕೆಡವಿಬಿಡುತ್ತದೆ.

10 ಮೀಟರ್ ಉದ್ದ ಸಾಕು. ಚಿಕ್ಕ ಜಾಗಕ್ಕೆ 5 ಮೀಟರ್. ಹಗ್ಗವನ್ನು ಕೊರಳ ಬೆಲ್ಟಿಗೆ ಕಟ್ಟಲೇಬೇಡಿ. ಓಡುತ್ತಿರುವ ನಾಯಿ ಹಗ್ಗದ ತುದಿ ಮುಟ್ಟಿದಾಗ ಆ ಜಗ್ಗು ಪೂರ್ತಿ ಕುತ್ತಿಗೆಗೆ ಬೀಳುತ್ತದೆ. ಎದೆಗೆ ಹಾಕುವ ಹಾರ್ನೆಸ್ ಇರಲಿ, ಬೆನ್ನ ಮೇಲಿನ ರಿಂಗಿಗೆ ಕೊಕ್ಕೆ ಹಾಕಿ. ತಾನಾಗಿ ಒಳಗೆ ಸುತ್ತಿಕೊಳ್ಳುವ ಹಗ್ಗ ಈ ಕೆಲಸಕ್ಕೆ ಆಗುವುದಿಲ್ಲ. ಅದು ಯಾವಾಗಲೂ ಸ್ವಲ್ಪ ಎಳೆಯುತ್ತಲೇ ಇರುತ್ತದೆ, ನಾಯಿಗೆ ತಾನು ಕಟ್ಟಿಹಾಕಿಸಿಕೊಂಡಿದ್ದೇನೆ ಅನ್ನುವುದು ಮರೆಯುವುದೇ ಇಲ್ಲ.

ಕೈಗೆ ಹಗ್ಗ ಸುತ್ತಿಕೊಳ್ಳಬೇಡಿ. ಗ್ಲೌಸ್ ಹಾಕಿಕೊಳ್ಳಿ. ಮೊದಲ ವಾರ ನಾನು ಬರಿಗೈಯಲ್ಲಿ ನೈಲಾನ್ ಹಗ್ಗ ಹಿಡಿದಿದ್ದೆ. ಹಕ್ಕಿಯೊಂದು ಎದ್ದಿತು, ಚುಕ್ಕಿ ಹಾರಿದಳು, ಒದ್ದೆ ಹುಲ್ಲಿನ ಮೇಲೆ ಸರ್ರನೆ ಹರಿದ ಹಗ್ಗ ನನ್ನ ನಾಲ್ಕು ಬೆರಳಿನ ಒಳಗಡೆಯ ಚರ್ಮ ಸುಟ್ಟುಕೊಂಡು ಹೋಯಿತು. ಹತ್ತು ದಿನ ಪಾತ್ರೆ ತೊಳೆಯಲು ಆಗಲಿಲ್ಲ. ಆಮೇಲೆ ನೀರು ಹೀರದ, ಪ್ಲಾಸ್ಟಿಕ್ ಹೊದಿಕೆಯ ಪಟ್ಟಿ ತಂದೆ. ಕೆಸರಾದರೂ ಒರೆಸಿದರೆ ಆಯಿತು.

ಅಭ್ಯಾಸವಾದ ಮೇಲೆ ಹಗ್ಗವನ್ನು ನೆಲದ ಮೇಲೆ ಎಳೆದಾಡಲು ಬಿಡಿ. ಬೇಕಾದಾಗ ತುದಿಯನ್ನು ಕಾಲಲ್ಲಿ ಮೆಟ್ಟಿದರೆ ಸಾಕು. ತುದಿಯ ಕೈಹಿಡಿ ಕುಣಿಕೆಯನ್ನು ಕತ್ತರಿಸಿಬಿಡಿ, ಇಲ್ಲದಿದ್ದರೆ ಬೇರಿಗೋ ಕಲ್ಲಿಗೋ ಸಿಕ್ಕಿಕೊಳ್ಳುತ್ತದೆ.

ಕರೆದು, ಹಗ್ಗ ಜಗ್ಗಿ ಹತ್ತಿರ ತರಬಹುದಾ?

ಬೇಡ. ಹಗ್ಗ ಇರುವುದು ಓಡಿಹೋಗದಿರಲಿ ಅಂತ ಮಾತ್ರ. ಮೀನು ಎಳೆದ ಹಾಗೆ ಎಳೆದರೆ ನಾಯಿ ಕಲಿಯುವುದು ಎಳೆದಾಗ ಬರುವುದನ್ನು.

ಯಾವ ತಿನಿಸು, ಎಷ್ಟು?

ಮನೆಯಲ್ಲಿ ಒಣ ಊಟದ ಕಾಳೇ ನಡೆಯಬಹುದು. ಹೊರಗೆ ಅದು ನಡೆಯುವುದಿಲ್ಲ. ಬೇಯಿಸಿದ ಕೋಳಿ, ಈಲಿ (ಲಿವರ್), ಚೀಸ್, ಮೊಟ್ಟೆ ಇಂಥ ವಾಸನೆ ಬರುವ, ಮೆತ್ತಗಿನ, ಅಗಿಯದೆ ನುಂಗಬಹುದಾದ ತುಂಡು ಬೇಕು. ಗಾತ್ರ ಬಟಾಣಿ ಕಾಳಿನಷ್ಟು. ಆ ತಿನಿಸು ಬೇರೆ ಯಾವ ಹೊತ್ತಿನಲ್ಲೂ ಸಿಗಬಾರದು, ಕರೆಗೆ ಬಂದಾಗ ಮಾತ್ರ.

ಒಂದೇ ತುಂಡು ಕೊಟ್ಟು ಮುಗಿಸಬೇಡಿ. ಐದಾರು ತುಂಡನ್ನು ಒಂದಾದ ಮೇಲೊಂದು ಕೊಡಿ, ಮಾತಾಡಿಸಿ, ಎದೆ ಸವರಿ. ಹತ್ತಿರ ಇರುವುದೇ ಒಂದು ಹಬ್ಬ ಅನ್ನಿಸಬೇಕು. ದಿನದ ಒಟ್ಟು ಆಹಾರದಲ್ಲಿ ಇಂಥ ತಿನಿಸು ಶೇ. 10ರಷ್ಟನ್ನು ಮೀರದಿರಲಿ ಅನ್ನುವುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಜಾಸ್ತಿ ಅಭ್ಯಾಸ ಮಾಡಿದ ದಿನ ಊಟ ಸ್ವಲ್ಪ ಕಡಿಮೆ ಮಾಡಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಸಕ್ಕರೆಯ ಬದಲಿಗೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ. ಇವು ಇರುವ ಯಾವುದನ್ನೂ ಕೊಡಬೇಡಿ.

ನಮ್ಮದಕ್ಕೆ ಹೊರಗೆ ಹೋದರೆ ತಿನಿಸೇ ಬೇಡ.

ಮೊದಲು ಒಂದು ವಿಷಯ ನೋಡಿ. ಬಾಲ ಕೆಳಗಿದೆಯಾ, ಕಿವಿ ಹಿಂದಕ್ಕಿದೆಯಾ, ಸುಮ್ಮನೆ ತೇಕುತ್ತಿದೆಯಾ? ಹೆದರಿದ ನಾಯಿ ತಿನ್ನುವುದಿಲ್ಲ. ಹಾಗಿದ್ದರೆ ಜಾಗ ಬದಲಿಸಿ, ಸದ್ದು ಗದ್ದಲ ಕಡಿಮೆ ಇರುವ ಕಡೆ ಹೋಗಿ.

ಹೆದರಿಕೆ ಇಲ್ಲ, ಬರೀ ಉತ್ಸಾಹ ಅಂದರೆ ಅದಕ್ಕೆ ಆಗ ಏನು ಬೇಕೋ ಅದನ್ನೇ ಬಹುಮಾನ ಮಾಡಿ. ಹೆಚ್ಚು ಇಷ್ಟದ ಕೆಲಸವನ್ನು ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು ಅಂತ ಡೇವಿಡ್ ಪ್ರಿಮ್ಯಾಕ್ ಅನ್ನುವ ಮನಶ್ಶಾಸ್ತ್ರಜ್ಞ ತೋರಿಸಿದರು, ಟ್ರೇನರ್‌ಗಳು ಇಂದಿಗೂ ಅವರ ಹೆಸರಲ್ಲೇ ಅದನ್ನು ಹೇಳುತ್ತಾರೆ. ಊಟ ಮಾಡಿದರೆ ಆಟ ಅಂತ ಅಮ್ಮಂದಿರು ಹೇಳುವುದೂ ಇದೇ ತಾನೆ. ನಾಯಿ ಪೊದೆ ಮೂಸಬೇಕು ಅಂತಿದೆ. ಕರೆಯಿರಿ, ಬಂತು, ಕೂಡಲೇ "ಹೋಗು" ಅಂತ ಆ ಪೊದೆಗೇ ಕಳಿಸಿ. ಕರೆಗೆ ಹೋದರೆ ಪೊದೆ ಕೈತಪ್ಪುವುದಿಲ್ಲ ಅಂತ ಅದಕ್ಕೆ ಗೊತ್ತಾಗಬೇಕು. ನನ್ನ ಅನುಭವದಲ್ಲಿ ಚುಕ್ಕಿಯನ್ನು ಬದಲಿಸಿದ್ದು ಕೋಳಿ ಮಾಂಸಕ್ಕಿಂತ ಹೆಚ್ಚಾಗಿ ಇದು.

ಆಟಿಕೆ ಇಷ್ಟಪಡುವ ನಾಯಿಗೆ ಚೆಂಡು, ಜಗ್ಗಾಟದ ಹಗ್ಗ ಒಯ್ಯಿರಿ. ಹಸಿರು ಹುಲ್ಲಿನಲ್ಲಿ ಕೆಂಪು ಚೆಂಡು ಬೇಡ, ನಾಯಿಯ ಕಣ್ಣಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ. ನೀಲಿ ಒಳ್ಳೆಯದು.

ಕಷ್ಟವನ್ನು ಹೇಗೆ ಹೆಚ್ಚಿಸುತ್ತಾ ಹೋಗಬೇಕು?

ದೂರ ಮತ್ತು ಗಮನ ಸೆಳೆಯುವ ವಸ್ತು, ಇವೆರಡನ್ನೂ ಒಟ್ಟಿಗೆ ಹೆಚ್ಚಿಸಬೇಡಿ. ದೂರ ಜಾಸ್ತಿ ಮಾಡಿದ ದಿನ ಜಾಗ ಸುಲಭದ್ದಿರಲಿ. ಕಷ್ಟದ ಜಾಗಕ್ಕೆ ಹೋದ ದಿನ ದೂರ ಕಡಿಮೆ ಇರಲಿ.

ನಾವು ಹೋದ ದಾರಿ ಹೀಗಿತ್ತು. ಮನೆ, ಅಂಗಳ, ಯಾರೂ ಇಲ್ಲದ ಹೊತ್ತಿನ ಬಯಲು, ಅದೇ ಬಯಲಿನಲ್ಲಿ ದೂರದಲ್ಲಿ ಜನ ನಡೆಯುವಾಗ, ಆಮೇಲೆ ದೂರದಲ್ಲಿ ಒಂದು ನಾಯಿ, ಆಮೇಲೆ ಹತ್ತಿರದಲ್ಲಿ ನಾಯಿ. ಪ್ರಾಣಿಗಳ ಜಾಡು ಇರುವ ಪೊದೆಗಳು ಎಲ್ಲಕ್ಕಿಂತ ಕೊನೆಗೆ. ಹತ್ತು ಸಲ ಕರೆದರೆ ಒಂಬತ್ತು ಸಲ ಮೊದಲ ಕರೆಗೇ ಬಂದರೆ ಮುಂದಕ್ಕೆ. ಏಳಕ್ಕಿಂತ ಕಡಿಮೆ ಬಂದರೆ ಒಂದು ಹೆಜ್ಜೆ ಹಿಂದಕ್ಕೆ. ಒಂದು ಚೀಟಿಯಲ್ಲಿ ಗೆರೆ ಹಾಕಿಕೊಳ್ಳಿ. ಮನಸ್ಸಿನ ಲೆಕ್ಕ ಯಾವಾಗಲೂ ನಮ್ಮ ನಾಯಿಯ ಪರವಾಗಿಯೇ ಇರುತ್ತದೆ.

ಒಂದು ವಾಕಿಂಗಿನಲ್ಲಿ ಎಂಟು ಹತ್ತು ಕರೆ ಸಾಕು. ಅದರಲ್ಲಿ ಒಂಬತ್ತು ಸಲ ತಿನಿಸು ಕೊಟ್ಟು ಮತ್ತೆ ಬಿಡಿ. ಒಂದು ಸಲ ಮಾತ್ರ ಮನೆಗೆ. ಕರೆಯದಿದ್ದಾಗಲೂ ನಾಯಿ ತಾನಾಗಿ ತಿರುಗಿ ನಿಮ್ಮನ್ನು ನೋಡಿದರೆ, ಪಕ್ಕಕ್ಕೆ ಬಂದರೆ, ಅದಕ್ಕೂ ಬಹುಮಾನ ಕೊಡಿ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಆಗಾಗ ತಾನೇ ಬಂದು ಹೋಗುವ ನಾಯಿಯನ್ನು ಕರೆಯಬೇಕಾದ ಸಂದರ್ಭವೇ ಕಡಿಮೆ.

ಕರೆದೆ. ಬರಲಿಲ್ಲ. ಈಗ ಏನು ಮಾಡಲಿ?

ಮತ್ತೆ ಕೂಗಬೇಡಿ. ಅಟ್ಟಿಸಿಕೊಂಡೂ ಹೋಗಬೇಡಿ. ನೀವು ಬೆನ್ನಟ್ಟಿದರೆ ನಾಯಿಗೆ ಅದು ಮುಟ್ಟಾಟ, ಅದರಲ್ಲಿ ನೀವು ಗೆಲ್ಲುವುದಿಲ್ಲ. ತದ್ವಿರುದ್ಧ ಮಾಡಿ. ಬೆನ್ನು ತಿರುಗಿಸಿ ಆಚೆ ಓಡಿ, ಚಪ್ಪಾಳೆ ತಟ್ಟಿ, ಮುದ್ದು ಸದ್ದು ಮಾಡಿ. ಇಲ್ಲವೇ ಕುಕ್ಕರುಗಾಲಲ್ಲಿ ಕೂತು ನೆಲದಲ್ಲಿ ಏನೋ ಸಿಕ್ಕಿದ ಹಾಗೆ ಕೆದಕಿ. ನಾಯಿಯ ಕಣ್ಣು ನಿಂತ ವಸ್ತುವಿಗಿಂತ ಅಲುಗಾಡುವುದನ್ನು ಬೇಗ ಹಿಡಿಯುತ್ತದೆ, ಆಚೆ ಓಡುವವರ ಹಿಂದೆ ಬರುವುದು ಅದರ ಸ್ವಭಾವ.

ಆಗಲೂ ಬಾರದಿದ್ದರೆ ಹಗ್ಗದ ತುದಿ ಮೆಟ್ಟಿ, ಹಗ್ಗ ಹಿಡಿದುಕೊಂಡು ಹತ್ತಿರ ನಡೆದು ಹೋಗಿ, ಮೂಗಿನ ಮುಂದೆ ತಿನಿಸು ತೋರಿಸಿ ನಾಲ್ಕು ಹೆಜ್ಜೆ ಕರೆದುಕೊಂಡು ಬನ್ನಿ. ಆ ಕರೆ ಕಷ್ಟದ್ದಾಗಿತ್ತು ಅಂತ ಗುರುತು ಹಾಕಿಕೊಳ್ಳಿ. ಮುಂದಿನದ್ದು ಸುಲಭ ಮಾಡಿ. ಮೂಗು ನೆಲದಲ್ಲಿ ಮುಳುಗಿರುವಾಗ ಕರೆಯಬೇಡಿ, ತಲೆ ಎತ್ತುವ ಕ್ಷಣಕ್ಕೆ ಕಾಯಿರಿ. ಬರುತ್ತದೆ ಅಂತ ನೂರು ರೂಪಾಯಿ ಪಣ ಕಟ್ಟುವ ಧೈರ್ಯ ಇದ್ದಾಗ ಮಾತ್ರ ಬಾಯಿ ತೆರೆಯಬೇಕು, ಕಲಿಸುವ ತಿಂಗಳಲ್ಲಿ.

ಬರುತ್ತದೆ, ಆದರೆ ಕೈಗೆ ಸಿಗದೆ ಎರಡು ಮಾರು ದೂರದಲ್ಲೇ ಸುತ್ತುತ್ತದೆ.

ಕೈ ಅಂದರೆ ಕೊಕ್ಕೆ, ಕೊಕ್ಕೆ ಅಂದರೆ ಮನೆ ಅಂತ ಕಲಿತಿದೆ. ಮನೆಯಲ್ಲಿ ದಿನಾ ಈ ಆಟ ಆಡಿ: ಬೆಲ್ಟು ಮುಟ್ಟಿ, ತಿನಿಸು ಕೊಡಿ, ಬಿಡಿ. ಆಮೇಲೆ ಬೆಲ್ಟು ಹಿಡಿದು, ತಿನಿಸು ಕೊಟ್ಟು, ಬಿಡಿ. ಆಮೇಲೆ ಕೊಕ್ಕೆ ಹಾಕಿ, ತಿನಿಸು ಕೊಟ್ಟು, ಕೊಕ್ಕೆ ಬಿಚ್ಚಿ, ಬಿಡಿ. ಹೊರಗೆ ತಿನಿಸನ್ನು ಕೈ ಚಾಚಿ ಕೊಡಬೇಡಿ. ನಿಮ್ಮ ಮೊಣಕಾಲಿಗೆ ತಾಗಿಸಿ ಹಿಡಿಯಿರಿ, ಅಲ್ಲಿಗೇ ಬಂದು ತಿನ್ನಲಿ. ಮೇಲಿಂದ ಬಗ್ಗಿ ತಲೆಯ ಮೇಲೆ ಕೈ ಹಾಕುವುದು ಎಷ್ಟೋ ನಾಯಿಗಳಿಗೆ ಹಿಡಿಸುವುದಿಲ್ಲ. ಪಕ್ಕಕ್ಕೆ ತಿರುಗಿ ನಿಂತು ಗದ್ದದ ಕೆಳಗಿಂದ ಮುಟ್ಟಿ.

ಚುಕ್ಕಿಗೆ ಆ ಟಿಕ್ ಸದ್ದಿನ ಭಯ ಬಿಡಿಸಲು ನಾನು ಮನೆಯಲ್ಲಿ ಕೂತು ಬರೀ ಕೊಕ್ಕೆಯನ್ನು ಟಿಕ್ ಅನ್ನಿಸಿ ಈಲಿ ತುಂಡು ಕೊಡುತ್ತಿದ್ದೆ. ಮೂರು ವಾರಕ್ಕೆ ಆ ಸದ್ದಿಗೆ ಬಾಲ ಅಲ್ಲಾಡಿಸಲು ಶುರು ಮಾಡಿದಳು.

ಅರ್ಧ ಗಂಟೆ ಕಾಯಿಸಿ ಬಂದರೂ ಬೈಯಬಾರದಾ?

ಬೈಯಬಾರದು. ಓಡಿಹೋಗಿದ್ದು ಅದಕ್ಕೆ ಅರ್ಧ ಗಂಟೆ ಹಿಂದಿನ ಮಾತು. ಈಗಷ್ಟೇ ಮಾಡಿದ್ದು ನಿಮ್ಮ ಹತ್ತಿರ ಬಂದದ್ದು. ನಿಮ್ಮ ಬೈಗುಳ ಬೀಳುವುದು ಅದರ ಮೇಲೆ. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಕೈ ನಡುಗುತ್ತಿರುತ್ತದೆ, ಗೊತ್ತು. ಆದರೂ ಒಂದು ತುಂಡು ಕೊಟ್ಟು, ಹಗ್ಗ ಹಾಕಿ, ಸುಮ್ಮನೆ ಮನೆಗೆ ನಡೆಯಿರಿ.

ಅಳಿಲು, ಮೊಲ ಕಂಡರೆ ಮುಗಿಯಿತು. ಇದಕ್ಕೆ ಪರಿಹಾರ ಇದೆಯಾ?

ನೇರವಾಗಿ ಹೇಳುತ್ತೇನೆ. ಓಟ ಶುರುವಾದ ಮೇಲೆ ಕರೆದು ನಿಲ್ಲಿಸುವುದು ಬಹಳ ಕಷ್ಟ. ಕಣ್ಣಿನಿಂದ ಬೇಟೆಯಾಡುವ ಗ್ರೇಹೌಂಡ್, ಮುಧೋಳದಂಥ ತಳಿಗಳಲ್ಲೂ, ವಾಸನೆ ಹಿಡಿದು ಹೋಗುವ ಬೀಗಲ್‌ನಂಥ ತಳಿಗಳಲ್ಲೂ ಅದು ನೂರಾರು ವರ್ಷ ಆರಿಸಿ ಬೆಳೆಸಿದ ಗುಣ. ಅದನ್ನು ತಪ್ಪು ಅನ್ನಲಾಗದು. ನೀವು ಗೆಲ್ಲಬಹುದಾದದ್ದು ಓಟಕ್ಕೆ ಮುಂಚಿನ ಎರಡು ಸೆಕೆಂಡ್. ನಾಯಿ ನಿಂತು, ಮೈ ಬಿಗಿಮಾಡಿ, ಬಾಯಿ ಮುಚ್ಚಿ ದಿಟ್ಟಿಸುತ್ತದಲ್ಲ, ಆಗ ಕರೆಯಬೇಕು. ಆ ದಿಟ್ಟಿಯಿಂದ ತಿರುಗಿ ಬಂದರೆ ದೊಡ್ಡ ಬಹುಮಾನ, ಅದೂ ಓಡಿ ಹಿಡಿಯುವ ಥರದ್ದು: ಹುಲ್ಲಿನಲ್ಲಿ ತಿನಿಸು ಎಸೆಯಿರಿ, ಚೆಂಡು ಉರುಳಿಸಿ.

ಕೆಲವು ನಾಯಿಗಳಿಗೆ ಪ್ರಾಣಿಗಳಿರುವ ಜಾಗದಲ್ಲಿ ಜೀವನಪೂರ್ತಿ ಉದ್ದ ಹಗ್ಗವೇ ಸರಿ. ಬೇಲಿ ಹಾಕಿದ ಜಾಗದಲ್ಲಿ ಅವು ಮನಸಾರೆ ಓಡಲಿ. ಇದು ಸೋಲಲ್ಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ, ಕುರಿ ದನಗಳಿಗೆ ನಮ್ಮ ನಾಯಿಯ ಆಟ ಪ್ರಾಣಸಂಕಟ ಅನ್ನುವುದೂ ನೆನಪಿರಲಿ.

ಕರೆಂಟ್ ಹೊಡೆಯುವ ಕಾಲರ್ ಹಾಕಿದರೆ ಬೇಗ ಕಲಿಯುತ್ತದೆ ಅನ್ನುತ್ತಾರೆ.

ನಾನು ಅದರ ವಿರುದ್ಧ, ಮುಚ್ಚುಮರೆ ಇಲ್ಲ. ಬೇಗ ಕಲಿಯುತ್ತದೆ ಅನ್ನುವುದಕ್ಕೂ ಆಧಾರ ಗಟ್ಟಿಯಿಲ್ಲ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರೆದರೆ ಬಾರದಿರುವಂಥ ತೊಂದರೆ ಇದ್ದ 63 ನಾಯಿಗಳನ್ನು ಮೂರು ಗುಂಪು ಮಾಡಿ ಕಲಿಸಿದ್ದರು. ಬಹುಮಾನದಿಂದ ಕಲಿಸಿದ ಗುಂಪು ಕಾಲರ್ ಗುಂಪಿಗಿಂತ ಹಿಂದೆ ಬೀಳಲಿಲ್ಲ, ಕೆಲವು ಅಳತೆಗಳಲ್ಲಿ ಮುಂದೆಯೇ ಇತ್ತು. ವೇಲ್ಸ್‌ನಲ್ಲಿ ಇಂಥ ಕಾಲರನ್ನು 2010ರಲ್ಲೇ ನಿಷೇಧಿಸಿದ್ದಾರೆ.

ನನಗೆ ಇನ್ನೊಂದು ಭಯವಿದೆ. ನೋವು ತಗುಲಿದ ಕ್ಷಣದಲ್ಲಿ ನಾಯಿ ಏನನ್ನು ನೋಡುತ್ತಿತ್ತೋ ಅದರ ಮೇಲೆ ತಪ್ಪು ಹೊರಿಸುತ್ತದೆ. ಅದು ಪಕ್ಕದಲ್ಲಿ ಹೋಗುತ್ತಿದ್ದ ಮಗುವೂ ಆಗಿರಬಹುದು.

ಬೇರೆ ನಾಯಿ ಕಂಡರೆ ನನ್ನನ್ನು ಮರೆತೇಬಿಡುತ್ತದೆ.

ಎಷ್ಟು ದೂರದಲ್ಲಿ ಮರೆಯುತ್ತದೆ ಅಂತ ಮೊದಲು ಅಳೆಯಿರಿ. 40 ಮೀಟರ್ ಅಂತಾದರೆ 60 ಮೀಟರಿನಲ್ಲಿ ಕರೆಯುವ ಅಭ್ಯಾಸ ಮಾಡಿ. ವಾರ ವಾರ ಸ್ವಲ್ಪ ಸ್ವಲ್ಪ ಹತ್ತಿರ ಬನ್ನಿ. ಎದುರಿನ ನಾಯಿ ಸಿದ್ಧವಿದ್ದರೆ, ಕರೆಗೆ ಬಂದ ಬಹುಮಾನವಾಗಿ ಅದರ ಜೊತೆ ಆಡಲು ಕಳಿಸಿ. ಎದುರಿನವರ ನಾಯಿ ಹಗ್ಗದಲ್ಲಿದ್ದರೆ ನಿಮ್ಮದನ್ನೂ ಹಗ್ಗಕ್ಕೆ ಹಾಕಿ. ಅದು ಹೆದರುವ ನಾಯಿಯೋ, ಆಪರೇಷನ್ ಆದ ನಾಯಿಯೋ ನಮಗೆ ತಿಳಿಯದು. ದೂರದಿಂದ "ನಮ್ಮದು ಏನೂ ಮಾಡಲ್ಲ" ಅಂತ ಕೂಗಿದರೆ ಅವರಿಗೆ ಸಮಾಧಾನವಾಗುವುದಿಲ್ಲ.

ಸಂತಾನಹರಣ ಮಾಡಿಸಿದರೆ ಸರಿಹೋಗುತ್ತದಾ?

ಹೆಣ್ಣಿನ ವಾಸನೆ ಹಿಡಿದು ಊರು ಸುತ್ತುವ ಗಂಡು ನಾಯಿಯಲ್ಲಿ ಆ ಸುತ್ತಾಟ ಕಡಿಮೆಯಾಗಬಹುದು. ಕಲಿಸದೇ ಇದ್ದದ್ದನ್ನು ಆಪರೇಷನ್ ಕಲಿಸುವುದಿಲ್ಲ.

ಹತ್ತು ವರ್ಷದ ನಾಯಿ ಇತ್ತೀಚೆಗೆ ಕರೆದರೆ ಬರುತ್ತಿಲ್ಲ.

ಮೊದಲು ಪಶುವೈದ್ಯರ ಹತ್ತಿರ ತೋರಿಸಿ. ವಯಸ್ಸಾದಾಗ ಕಿವಿ ಮಂದವಾಗುತ್ತದೆ, ಕೀಲು ನೋವಿದ್ದರೆ ಎದ್ದು ಬರುವುದೇ ಹಿಂಸೆ. ಕೇಳಿಸದ ನಾಯಿಗೆ ಎರಡೂ ಕೈ ಅಗಲಿಸುವಂಥ ದೊಡ್ಡ ಸನ್ನೆ ಕಲಿಸಬಹುದು. ಆದರೆ ಅದು ನಿಮ್ಮನ್ನು ನೋಡುತ್ತಿರಬೇಕಲ್ಲ, ಹಾಗಾಗಿ ತಿರುಗಿ ನೋಡಿದಾಗಲೆಲ್ಲ ಬಹುಮಾನ ಕೊಡಿ. ಮೊಬೈಲಿನಂತೆ ಬರೀ ಅದುರುವ ಕಾಲರ್‌ಗಳೂ ಇವೆ, ಕರೆಂಟ್ ಹೊಡೆಯುವುದಿಲ್ಲ. ಅದುರಿತು ಅಂದರೆ ತಿನಿಸು ಅಂತ, ವಿಸಿಲ್ ಕಲಿಸಿದ ಹಾಗೇ ಕಲಿಸಬೇಕು.

ಅಪಾಯದ ಹೊತ್ತಿಗೆ ಬೇರೆ ಪದ ಇಟ್ಟುಕೊಳ್ಳಬೇಕಾ?

ಇಟ್ಟುಕೊಳ್ಳಿ. ದಿನಬಳಕೆಯ ಕರೆಗಿಂತ ಬೇರೆಯದೇ ಪದ ಅಥವಾ ವಿಸಿಲ್‌ನ ಬೇರೆ ಲಯ. ವಾರಕ್ಕೆ ಒಂದೆರಡು ಸಲ, ಸುಲಭದ ಜಾಗದಲ್ಲಿ ಮಾತ್ರ ಅಭ್ಯಾಸ. ಪ್ರತಿ ಸಲವೂ ಪೂರ್ತಿ ಅರ್ಧ ನಿಮಿಷ, ತುಂಡಿನ ಮೇಲೆ ತುಂಡು, ನಿಲ್ಲಿಸದೆ. ಸುಮ್ಮನೆ ಪರೀಕ್ಷೆ ಮಾಡಿ ನೋಡೋಣ ಅಂತ ಬಳಸಬೇಡಿ. ನನಗೆ ಎರಡು ವರ್ಷದಲ್ಲಿ ಅದು ನಿಜವಾಗಿ ಬೇಕಾದದ್ದು ಒಂದೇ ಸಲ. ಮುರಿದ ಬೇಲಿಯ ಆಚೆ ರಸ್ತೆ ಇತ್ತು. ಚುಕ್ಕಿ ಬೇಲಿಯ ಸಂದಿನಲ್ಲಿ ಅರ್ಧ ತೂರಿದ್ದವಳು ಹಿಮ್ಮುಖವಾಗಿ ಹೊರಬಂದಳು. ಅವತ್ತು ಜೇಬಿನಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಸುರಿದೆ.

ಹಗ್ಗ ಯಾವಾಗ ತೆಗೆಯಬಹುದು?

ಮೂರು ನಾಲ್ಕು ಬೇರೆ ಬೇರೆ ಜಾಗಗಳಲ್ಲಿ, ಹಗ್ಗ ನೆಲದಲ್ಲಿ ಎಳೆದಾಡುತ್ತಿರುವಾಗ, ಅದನ್ನು ಒಂದು ತಿಂಗಳಿಂದ ಒಮ್ಮೆಯೂ ಮೆಟ್ಟಬೇಕಾಗಿಲ್ಲ ಅಂದರೆ. ಆಗಲೂ ಒಂದೇ ಸಲಕ್ಕೆ ತೆಗೆಯಬೇಡಿ. 10 ಮೀಟರ್ ಹಗ್ಗ 5 ಆಗಲಿ, 2 ಆಗಲಿ, ಕೊನೆಗೆ ಒಂದು ಗೇಣು. ಹಗ್ಗದ ಭಾರ ಯಾವಾಗ ಹೋಯಿತು ಅಂತ ನಾಯಿಗೆ ಗೊತ್ತಾಗಬಾರದು.

ತಿನಿಸನ್ನೂ ಹಾಗೇ ನಿಧಾನವಾಗಿ ಇಳಿಸಿ. ಒಮ್ಮೆ ದೊಡ್ಡ ಬಹುಮಾನ, ಒಮ್ಮೆ ಚಿಕ್ಕದು, ಒಮ್ಮೆ ಬರೀ "ಹೋಗು, ಆಡು". ಯಾವಾಗ ಏನು ಸಿಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಕಲಿತದ್ದು ಜಾಸ್ತಿ ದಿನ ಉಳಿಯುತ್ತದೆ. ಪೂರ್ತಿ ನಿಲ್ಲಿಸುವ ದಿನ ಮಾತ್ರ ಬರುವುದಿಲ್ಲ.

ಎಲ್ಲ ಮಾಡಿಯೂ ಕಣ್ಣಿಗೆ ಕಾಣದ ಹಾಗೆ ಓಡಿಹೋದರೆ?

ಕೊನೆಗೆ ಕಂಡ ಜಾಗವನ್ನು ಬಿಟ್ಟು ಹೋಗಬೇಡಿ. ಬಹಳ ನಾಯಿಗಳು ಬಂದ ಜಾಡನ್ನೇ ಮೂಸುತ್ತಾ ಅಲ್ಲಿಗೇ ವಾಪಸ್ ಬರುತ್ತವೆ. ಜೊತೆಯಲ್ಲಿ ಯಾರಾದರೂ ಇದ್ದರೆ ಒಬ್ಬರು ಅಲ್ಲೇ ನಿಲ್ಲಿ, ಒಬ್ಬರು ಹುಡುಕಿ, ಇನ್ನೊಬ್ಬರು ಮನೆಯ ದಾರಿ ನೋಡಿ. ಹೋಗಲೇಬೇಕಾದರೆ ನಿಮ್ಮ ಮೈವಾಸನೆ ಇರುವ ಬಟ್ಟೆ ಅಲ್ಲಿ ಬಿಡಿ. ಬೆಲ್ಟಿನ ಮೇಲೆ ಫೋನ್ ನಂಬರ್ ಇರಲಿ, ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಅದರ ನೋಂದಣಿಯಲ್ಲಿರುವ ಫೋನ್ ನಂಬರ್ ಈಗಿನದ್ದೇ ಅಂತ ಇವತ್ತೇ ನೋಡಿಕೊಳ್ಳಿ.

ಚುಕ್ಕಿಯನ್ನು ಈಗ ಎಲ್ಲ ಕಡೆ ಹಗ್ಗವಿಲ್ಲದೆ ಬಿಡುತ್ತೀರಾ?

ಇಲ್ಲ. ರಸ್ತೆ ಹತ್ತಿರ ಬಿಡುವುದಿಲ್ಲ. ಪಟಾಕಿ ಸದ್ದಿರುವ ದಿನಗಳಲ್ಲಿ ಬಿಡುವುದಿಲ್ಲ, ಹೆದರಿ ಓಡುವ ನಾಯಿಗೆ ಯಾವ ಕರೆಯೂ ಕೇಳಿಸುವುದಿಲ್ಲ. ಹೊಸ ಜಾಗಕ್ಕೆ ಹೋದರೆ ಮೊದಲ ದಿನ ಉದ್ದ ಹಗ್ಗದಲ್ಲೇ ಇರುತ್ತಾಳೆ. ನಮ್ಮ ಹಳೇ ಬಯಲಿನಲ್ಲಿ ಮಾತ್ರ ಬಿಚ್ಚುತ್ತೇನೆ. ವಿಸಿಲ್ ಊದಿದರೆ ಆ ಕೊನೆಯಿಂದ ಕಿವಿ ಹಿಂದಕ್ಕೆ ಹಾರಿಸಿಕೊಂಡು ಬರುತ್ತಾಳೆ, ಬಂದು ನನ್ನ ಎಡ ಮೊಣಕಾಲಿಗೆ ಭುಜ ಒತ್ತಿ ನಿಲ್ಲುತ್ತಾಳೆ. ಕೊಕ್ಕೆ ಟಿಕ್ ಅನ್ನುತ್ತದೆ, ಈಲಿ ತುಂಡು ಕೊಡುತ್ತೇನೆ, ಕೊಕ್ಕೆ ಬಿಚ್ಚಿ ಮತ್ತೆ ಕಳಿಸುತ್ತೇನೆ.